5 ಲಕ್ಷದ ಪ್ಯಾಕು, 13 ಸಾವಿರದ ಲಿಥಿಯಂ

ಮಳೆಗಾಲ ಬಂತೆಂದರೆ ಮಂಗಳೂರಿನ ಪಂಪ್‌ವೆಲ್, ಕೊಟ್ಟಾರ ಚೌಕಿ ಕಡೆಯಿಂದ ನೀರು ಕುಡಿದ ಗಾಡಿಗಳು ನಮ್ಮ ವರ್ಕ್‌ಶಾಪಿನ ಗೇಟಿನಲ್ಲಿ ಸಾಲು ನಿಲ್ಲುತ್ತವೆ. 2025ರ ಜೂನಿನಲ್ಲಿ ಹಾಗೆ ಟೋ ಆಗಿ ಬಂದದ್ದರಲ್ಲಿ ಒಂದು ಇವಿ, 30 ಕಿಲೋವ್ಯಾಟ್ ಅವರ್ ಬ್ಯಾಟರಿ ಪ್ಯಾಕಿನದ್ದು. ರಾತ್ರಿಯಿಡೀ ತಗ್ಗಿನಲ್ಲಿ ನಿಂತಿತ್ತಂತೆ. ಪ್ಯಾಕಿಗೆ ನೀರು ತಡೆಯುವ ರೇಟಿಂಗ್ ಐಪಿ67; ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ, ಅಷ್ಟೇ. ಸ್ಕ್ಯಾನರ್ ಹಾಕಿದರೆ ಇನ್ಸುಲೇಶನ್ ಫಾಲ್ಟ್, ಅಂದರೆ ಕರೆಂಟು ಎಲ್ಲೋ ಗಾಡಿಯ ಮೈಗೆ ಸೋರುತ್ತಿದೆ. ಆ ಕೋಡ್ ಬಂದ ಮೇಲೆ ನಮ್ಮ ಸಿಸ್ಟಮ್ ಬೇರೇನೂ ಕೇಳುವುದಿಲ್ಲ. ಇಡೀ ಪ್ಯಾಕನ್ನೇ ಎಸ್ಟಿಮೇಟಿಗೆ ಎಳೆದು ಹಾಕುತ್ತದೆ. 5 ಲಕ್ಷ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 90 ಸಾವಿರ.

ಮಾಲೀಕರು ಪುತ್ತೂರು ಕಡೆಯ ಅಡಿಕೆ ವ್ಯಾಪಾರಿ. ಪಾಲಿಸಿಯಲ್ಲಿ ಝೀರೋ ಡೆಪ್ (ಸವಕಳಿ ಕಡಿತ ಇಲ್ಲದ ವಿಮೆ) ಇಲ್ಲ, ಅರ್ಧ ನಿಮ್ಮ ಕೈಯಿಂದಲೇ ಹೋಗುತ್ತದೆ ಎಂದು ವಿಮೆಯ ಸರ್ವೆಯರ್ ಆಗಲೇ ಹೇಳಿ ಹೋಗಿದ್ದರು. ಕೌಂಟರಿನಲ್ಲಿದ್ದ ನಮ್ಮ ಹೊಸ ಹುಡುಗ ಟ್ರೈನಿಂಗಿನಲ್ಲಿ ಕಲಿಸಿದ್ದನ್ನೇ ಒಪ್ಪಿಸಿದ: "ಲಿಥಿಯಂ ತುಂಬಾ ಕಾಸ್ಟ್ಲಿ ಸರ್, ಅದಕ್ಕೇ."

"ಎಂತ ಮಾರಾಯಾ, ಲಿಥಿಯಂ ರೇಟು ಬಿದ್ದು ಎರಡು ವರ್ಷ ಆಯ್ತು. ನಿಮ್ಮ ಬ್ಯಾಟರಿ ರೇಟು ಮಾತ್ರ ಮರದ ಮೇಲೇ ಕೂತದ್ದಾ?"

ದಿನಾ ರೇಟು ನೋಡಿ ಬದುಕುವ ಮನುಷ್ಯನ ಹತ್ತಿರ ರೇಟಿನ ಸುಳ್ಳು ನಡೆಯುತ್ತದಾ? ಮ್ಯಾನೇಜರ್ ಸಾಹೇಬರಿಗೆ ಆಗಲೇ ಝೋನ್ ಆಫೀಸಿನ ಕಾಲ್ ಬಂತು, ಕ್ಯಾಬಿನ್ ಬಾಗಿಲು ಮುಚ್ಚಿತು. ಲೌಂಜಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಇತ್ತ ತಿರುಗಿದರು. ನಾನು ಹೋಗಿ ಕೂತೆ. ಲೆಕ್ಕ ಬಿಡಿಸಿ ತೋರಿಸಿದರೆ ತಣ್ಣಗಾಗುತ್ತಾರೆ ಎಂದು ನನ್ನ ಅಂದಾಜು.

ಜಾಬ್ ಕಾರ್ಡಿನ ಹಿಂದೆಯೇ ಬರೆದೆ. ಈ ಗಾಡಿಯದ್ದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಅಂಥ ಪ್ಯಾಕಿಗೆ ಒಂದು ಕಿಲೋವ್ಯಾಟ್ ಅವರ್‌ಗೆ ಸುಮಾರು 600 ಗ್ರಾಂ ಲಿಥಿಯಂ ಕಾರ್ಬೊನೇಟ್ ಬೇಕು. 30ಕ್ಕೆ 18 ಕಿಲೋ. ಅದರೊಳಗೆ ಶುದ್ಧ ಲಿಥಿಯಂ ಮೂರು ಕಿಲೋ ಚಿಲ್ಲರೆ. 2022ರ ನವೆಂಬರಿನಲ್ಲಿ ಚೀನಾದಲ್ಲಿ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿತ್ತು, ನಮ್ಮ ಲೆಕ್ಕದಲ್ಲಿ ಕಿಲೋಗೆ 7 ಸಾವಿರ ರೂಪಾಯಿ ಆಸುಪಾಸು. ಆಗ ಇದೇ ಪ್ಯಾಕಿನಲ್ಲಿ ಲಿಥಿಯಮ್ಮಿನದ್ದೇ ಒಂದೂಕಾಲು ಲಕ್ಷ. 2025ರ ಆ ಜೂನಿನಲ್ಲಿ ಟನ್ನಿಗೆ 60 ಸಾವಿರ ಯುವಾನ್, ಹತ್ತರಲ್ಲಿ ಒಂದು ಪಾಲು. 18 ಕಿಲೋಗೆ 13 ಸಾವಿರ.

ಅವರು ಕನ್ನಡಕ ಏರಿಸಿ ನೋಡಿದರು. "ಹಾಗಾದ್ರೆ 13 ಸಾವಿರದ ಮಾಲಿಗೆ 90 ಸಾವಿರ ಟ್ಯಾಕ್ಸೇ ಉಂಟು!"

ಲೌಂಜಿನಲ್ಲಿ ಯಾರೋ ಕಿಸಕ್ಕೆಂದರು. ಬೆಂಕಿಗೆ ತುಪ್ಪ ಸುರಿದದ್ದು ನಾನೇ. ಇವಿ ಕೊಳ್ಳುವಾಗ ಜಿಎಸ್‌ಟಿ 5 ಪರ್ಸೆಂಟ್, ಅದರದ್ದೇ ಬ್ಯಾಟರಿ ಬಿಡಿಯಾಗಿ ಬೇಕೆಂದರೆ 18 ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಲಿಥಿಯಂ ಬಿಟ್ಟು ಉಳಿದದ್ದನ್ನು ಹೇಳತೊಡಗಿದೆ. ಗ್ರಾಫೈಟ್, ತಾಮ್ರದ ಹಾಳೆ, ಅಲ್ಯೂಮಿನಿಯಂ, ಎಲೆಕ್ಟ್ರೋಲೈಟ್, ಬ್ಯಾಟರಿ ನಿಯಂತ್ರಿಸುವ ಬಿಎಂಎಸ್, ಕೂಲಿಂಗ್, ಕೇಸಿಂಗ್. ಚೀನಾದಿಂದ ಬರುವ ಸೆಲ್, ಸಾಗಾಟ, ಮತ್ತೆ ಡೀಲರ್ ಮಾರ್ಜಿನ್. ಬ್ಲೂಮ್‌ಬರ್ಗ್‌ಎನ್‌ಇಎಫ್ ಎಂಬ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಪ್ಯಾಕಿನ ಸರಾಸರಿ ಬೆಲೆ 2022ರಲ್ಲಿ ಕಿಲೋವ್ಯಾಟ್ ಅವರ್‌ಗೆ 151 ಡಾಲರ್, 2024ರಲ್ಲಿ 115. ಲಿಥಿಯಂ ಪಾತಾಳಕ್ಕೆ ಇಳಿದರೂ ಪ್ಯಾಕು ಇಳಿದದ್ದು ಕಾಲು ಭಾಗ ಮಾತ್ರ.

"ಬೀಡಕ್ಕೆ ಸುಣ್ಣ ಹಾಕಿದ ಹಾಗೆ," ಎಂದರು ಅವರು. "ಇಲ್ಲದಿದ್ರೆ ಕೆಂಪಾಗುವುದಿಲ್ಲ. ಆದ್ರೆ ಸುಣ್ಣಕ್ಕೆ ಯಾರೂ ದುಡ್ಡು ಕೊಡುವುದಿಲ್ಲ." ಟ್ರೈನಿಂಗಿನಲ್ಲಿ ಅಷ್ಟು ಸ್ಲೈಡ್ ತೋರಿಸಿದವರಿಗೆ ಇದೊಂದು ಹೊಳೆದಿರಲಿಲ್ಲ. ಆದರೂ ಅವರು ಎಸ್ಟಿಮೇಟಿಗೆ ಸಹಿ ಹಾಕಲಿಲ್ಲ. 115 ಡಾಲರ್ ಲೆಕ್ಕದಲ್ಲಿ 3 ಲಕ್ಷದ ಒಳಗೇ ಆಯ್ತಲ್ಲ, ಉಳಿದ ಎರಡು ಎಲ್ಲಿ ಹೋಯ್ತು ಎಂದು ಕೇಳಿದರು. ಸ್ಪೇರ್ ಪಾರ್ಟ್ ರೇಟಿಗೂ ಫ್ಯಾಕ್ಟರಿ ರೇಟಿಗೂ ನಡುವೆ ಏನಿದೆಯೆಂದು ನಮಗೆ ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ. ಬೈಗುಳ ತಿನ್ನಲಿಕ್ಕೆ ಕೌಂಟರಿನಲ್ಲಿ ನಾವಿದ್ದೇವಲ್ಲ.

ಹಳೇ ಪ್ಯಾಕನ್ನಾದರೂ ಕೊಡಿ, ಗುಜರಿಗೆ ಹಾಕುತ್ತೇನೆ ಎಂದರು. ಅದೂ ಆಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ನೋಂದಾಯಿತ ರೀಸೈಕ್ಲರ್‌ಗೇ ಹೋಗಬೇಕು. ಎಲ್‌ಎಫ್‌ಪಿಯಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ರೀಸೈಕ್ಲರ್‌ಗೂ ಅದರ ಮೇಲೆ ಅಂಥ ಆಸೆ ಇರುವುದಿಲ್ಲ.

ಕೊನೆಗೆ ಪ್ಯಾಕ್ ಇಳಿಸಿ ನೋಡಿ, ಆಮೇಲೆ ಮಾತಾಡುವ ಎಂದು ಅವರೇ ಹಟ ಹಿಡಿದರು. ಬೆಂಗಳೂರಿನಿಂದ ಎಚ್‌ವಿ (ಹೈ ವೋಲ್ಟೇಜ್) ಟೆಕ್ನಿಷಿಯನ್ ಬರುವವರೆಗೆ ಗಾಡಿ ಲಿಫ್ಟಿನ ಮೇಲೇ. ಬಂದು, ಕರೆಂಟು ಕಡಿಯುವ ಸರ್ವಿಸ್ ಪ್ಲಗ್ ಎಳೆದು, ಪ್ಯಾಕ್ ಇಳಿಸಿದರೆ ಒಳಗೆ ಹನಿ ನೀರಿಲ್ಲ. ಹೊರಗಿನ ಎಚ್‌ವಿ ಕನೆಕ್ಟರಿನ ಸೀಲ್ ಒಂದು ಬದಿ ಮಡಚಿಕೊಂಡಿತ್ತು, ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ಆ ವೈರಿನ ಹಾರ್ನೆಸ್ ಬದಲಾಯಿಸಿ ಒಣಗಿಸಿದ ಮೇಲೆ, ಇನ್ಸುಲೇಶನ್ ಅಳೆಯುವ ಮೆಗ್ಗರಿನ ರೀಡಿಂಗ್ ಸರಿ ಬಂತು. ಪ್ಯಾಕು ಹಳೆಯದೇ ವಾಪಸ್ ಕೂತಿತು.

ಈಗ ಆ ಕೋಡ್ ಬಂದರೆ ಕನೆಕ್ಟರ್ ಬಿಚ್ಚಿ ನೋಡದೆ ಎಸ್ಟಿಮೇಟ್ ಹಾಕಬೇಡ ಎಂದು ಹುಡುಗರಿಗೆ ಹೇಳಿದ್ದೇನೆ. ಸಿಸ್ಟಮ್ ಮಾತ್ರ ಇಂದಿಗೂ ಇಡೀ ಪ್ಯಾಕನ್ನೇ ಎಳೆದು ಹಾಕುತ್ತದೆ, ನಾವು ಕೈಯಲ್ಲಿ ಡಿಲೀಟ್ ಮಾಡುತ್ತೇವೆ. ಟಿಎಟಿ (ಗಾಡಿ ರಿಪೇರಿಯಾಗಿ ಹೋಗಲು ಹಿಡಿಯುವ ಸಮಯ) ಯಾಕೆ ಜಾಸ್ತಿ, ಪಾರ್ಟ್ಸ್ ಸೇಲ್ ಯಾಕೆ ಕಮ್ಮಿ ಎಂದು ತಿಂಗಳ ಕೊನೆಗೆ ಝೋನ್ ಆಫೀಸಿನಿಂದ ಮೇಲ್ ಬರುತ್ತದೆ. ಅದಕ್ಕೆ ಮ್ಯಾನೇಜರ್ ಸಾಹೇಬರು ಉತ್ತರ ಬರೆದುಕೊಳ್ಳಲಿ.