ಹದಿನಾರು ಕೆರೆಗೆ ಸೆಳೆವ ನೋಡಲು ಹೋಗುವವರಿಗೆ

ಮಗಳಿಗೆ ಗಂಡಭೇರುಂಡ ನೋಡಬೇಕಿತ್ತು. ಸರ್ಕಾರಿ ಬಸ್ಸಿನ ಮೇಲಿನ ಎರಡು ತಲೆಯ ಹಕ್ಕಿ ಎಲ್ಲಿರುತ್ತೆ ಅಂತ ವಾರವಿಡೀ ಕಾಟ. ಅದು ಬರೀ ಕಥೆಯ ಹಕ್ಕಿ ಅಂದರೆ ಮುಖ ಸಪ್ಪಗಾಯಿತು. ಒಂದೇ ತಲೆಯ ಬೇಟೆಗಾರ ಹಕ್ಕಿ ಸೆಳೆವವನ್ನಾದರೂ (ಇಂಗ್ಲಿಷಿನಲ್ಲಿ ಹ್ಯಾರಿಯರ್) ತೋರಿಸೋಣ ಅಂತ ಮೈಸೂರಿನಿಂದ ಹದಿನಾರು ಕೆರೆಗೆ ಹೊರಟೆವು. ಯದುರಾಯ 1399ರಲ್ಲಿ ಒಡೆಯರ ವಂಶ ಶುರು ಮಾಡಿದ ಕಥೆ ಈ ಊರಿನದೇ. ಗಂಡಭೇರುಂಡ ಅದೇ ಮನೆತನದ ಲಾಂಛನ. ಹಾಗಾಗಿ ಪೂರ್ತಿ ಮೋಸವೇನೂ ಅಲ್ಲ, ಅಲ್ವಾ?

ಊರು ನಂಜನಗೂಡು ತಾಲ್ಲೂಕಿನಲ್ಲಿದೆ. ಸ್ವಂತ ಗಾಡಿ ಇದ್ದರೆ ಸಲೀಸು. ಮೊದಲ ಸಲ ಇಡ್ಲಿ ತಿಂದು ನಿಧಾನಕ್ಕೆ ಹೋಗಿ ಹತ್ತೂವರೆಗೆ ಕೆರೆ ಏರಿ ಹತ್ತಿದೆವು. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಪಟ್ಟೆತಲೆ ಹೆಬ್ಬಾತುಗಳು ಸಿಕ್ಕವು, ಸೆಳೆವ ಸಿಗಲಿಲ್ಲ. ಅವತ್ತು ಕತ್ತು ನೋಯುವಷ್ಟು ಆಕಾಶ ನೋಡಿದ್ದೇ ತಪ್ಪು. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದವರು ನಕ್ಕರು: "ಮೇಲ್ಯಾಕ್ ನೋಡ್ತೀರ ಸಾ, ನೀರ್ ಮೇಲಿರೋ ಕೋಳಿ ನೋಡಿ."

ಎರಡನೇ ಸಲ ಆರೂವರೆಗೇ ಅಲ್ಲಿದ್ದೆವು, ಬಿಸಿಲು ಬೆನ್ನಿಗೆ ಬೀಳುವ ಕಡೆ. ಸ್ವಲ್ಪ ಹೊತ್ತಿಗೆ ನಾಮದಕೋಳಿಗಳೆಲ್ಲ ಒಮ್ಮೆಲೇ ನೀರು ಬಡಿಯುತ್ತಾ ಓಡಿದವು. ಅವುಗಳ ಹಿಂದೆ, ಜೊಂಡಿನ ತುದಿ ಸವರುವಷ್ಟು ತಗ್ಗಿನಲ್ಲಿ ಬಂತು ಜೌಗು ಸೆಳೆವ. ಕಂದು ಮೈ, ಬೆಣ್ಣೆ ಬಣ್ಣದ ತಲೆ, ಹೆಣ್ಣು ಹಕ್ಕಿ. ನಾಲ್ಕೈದು ಸಲ ರೆಕ್ಕೆ ಬಡಿದು, ಆಮೇಲೆ ರೆಕ್ಕೆ ಮೇಲೆತ್ತಿ ಸುಮ್ನೆ ತೇಲುವುದು. ಹದ್ದು ಹೀಗೆ ತೇಲುವುದಿಲ್ಲ, ಹದ್ದಿನ ಬಾಲ ಕವಲಾಗಿಯೂ ಇರುತ್ತೆ. ಗುರುತಿಗೆ ಇಷ್ಟು ಸಾಕು. ಬೈನಾಕ್ಯುಲರ್‌ನಲ್ಲಿ ಮುಖ ನೋಡಿ: ಗೂಬೆಯ ಹಾಗೆ ದುಂಡಗೆ. ಜೊಂಡಿನೊಳಗಿನ ಸದ್ದನ್ನು ಕಿವಿಗೆ ತಲುಪಿಸುವುದು ಆ ಗರಿಗಳೇ. ಕಣ್ಣಷ್ಟೇ ಅಲ್ಲ, ಕಿವಿಯಿಂದಲೂ ಬೇಟೆ. ಒಮ್ಮೆ ಗಾಳಿಯಲ್ಲೇ ತಿರುಗಿ, ಉದ್ದನೆಯ ಕಾಲು ಇಳಿಬಿಟ್ಟು ಜೊಂಡಿಗೆ ಧುಮುಕಿತು. ಬರಿಗಾಲಲ್ಲಿ ಎದ್ದು ಬಂತು. ಮಗಳಿಗೆ ಕೋಳಿ ಉಳಿದದ್ದೇ ಜಾಸ್ತಿ ಖುಷಿ.

ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೇಸಿಗೆ ಬಂದರೆ ಉತ್ತರಕ್ಕೆ ಹಾರಿಬಿಡುತ್ತವೆ, ಮರಿ ಮಾಡುವುದು ಅಲ್ಲೇ. ಟೋಪಿ, ನೀರು, ತಿಂಡಿ ಕಟ್ಟಿಕೊಂಡು ಹೋಗಿ. ಬಣ್ಣಬಣ್ಣದ ಬಟ್ಟೆ ಬೇಡ. ಫೋಟೋ ಆಸೆಗೆ ಸಂಜೆ ಹೊತ್ತು ಜೊಂಡಿನೊಳಗೆ ನುಗ್ಗಬೇಡಿ. ಸೆಳೆವ ಮರದ ಮೇಲಲ್ಲ, ಅಲ್ಲೇ ನೆಲದ ಮೇಲೆ ರಾತ್ರಿ ಕಳೆಯುತ್ತೆ.