ರಾಯ್‌ಗೂ ಸೇರಿಸಿ ಚಪಾತಿ ಕಟ್ಟಿಕೊಂಡು ಹೋಗಿದ್ದೆ

ಕೇಪ್‌ಟೌನ್‌ಗೆ ಬಂದು ಏಳು ತಿಂಗಳಾಗಿತ್ತು. ಪಕ್ಕದ ಮನೆಯ ಅಜ್ಜನಿಗೆ ಗಾಳದ ಹುಚ್ಚು. ಅಲ್ಲಿ ಹಿರಿಯರನ್ನು 'ಊಮ್' ಅಂತಾರೆ, ನಮ್ಮಲ್ಲಿ ಮಾಮ ಅನ್ನೋ ಹಾಗೆ. ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿ ನನಗೂ ಪರ್ಮಿಟ್ ಮಾಡಿಸಿದ್ದರು. ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ, 'ನಾಳೆ ನಾಲ್ಕಕ್ಕೆ ಹೊರಡೋಣ, ಹೋದ ತಕ್ಷಣ ಮೊದಲು ರೋಯಾಸ್ ಸಿಗಬೇಕು' ಅಂದರು. ಯಾರೋ ರಾಯ್ ಅನ್ನೋ ಗೆಳೆಯ ಅಲ್ಲಿ ಕಾಯ್ತಿರ್ತಾನೆ ಅಂದುಕೊಂಡು ನಾನು ರಾತ್ರಿ ಕೂತು ಮೂರು ಜನಕ್ಕಾಗುವಷ್ಟು ಚಪಾತಿ ಲಟ್ಟಿಸಿದೆ.

ಇನ್ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಅಗುಲ್ಹಾಸ್, ಆಫ್ರಿಕಾದ ದಕ್ಷಿಣದ ತುತ್ತತುದಿ. ಅಮಾವಾಸ್ಯೆಯ ದೊಡ್ಡ ಇಳಿತ, ನೀರು ಹಿಂದೆ ಸರಿದು ಬಂಡೆಗಳೆಲ್ಲ ಬೆತ್ತಲೆ. ರಾಯ್ ಎಲ್ಲಿ ಅಂತ ನಾನು ಸುತ್ತ ನೋಡುತ್ತಿದ್ದರೆ ಊಮ್ ಬಗ್ಗಿ ಕಾಲ ಕೆಳಗೆ ತೋರಿಸಿದರು. ಬಂಡೆಗೆ ಅಂಟಿಕೊಂಡ ಕಂದು ಗಂಟು, ಮೇಲೆಲ್ಲ ಪಾಚಿ, ಮುಟ್ಟಿದರೆ ನೆನೆದ ಹಳೇ ಚಪ್ಪಲಿ. ಸ್ವಲ್ಪ ಒತ್ತಿದೆ ನೋಡಿ, ಚಿರ್ರ್ ಅಂತ ನೀರು ಸೀದಾ ಕನ್ನಡಕಕ್ಕೆ!

ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ರೋಯ್ ಅಂದರೆ ಕೆಂಪು, ಆಸ್ ಅಂದರೆ ಗಾಳಕ್ಕೆ ಹಾಕೋ ಎರೆ. ಬಂಡೆಗೆ ಅಂಟಿ ಬದುಕೋ ಈ ಪ್ರಾಣಿಯೇ ಕೆಂಪು ಎರೆ, ಅಷ್ಟೇ. (ಮೀನಿಗೆ ತೋರಿಸೋ ಆಸೆಗೆ ಆಸ್ ಅನ್ನೋದು ಎಷ್ಟು ಸರಿ ಅಲ್ವಾ?) ಊಮ್ ಚಾಕುವಿನಲ್ಲಿ ಅದರ ತಲೆ ಹಾರಿಸಿ, ಒಳಗೆ ಬೆರಳು ಹಾಕಿ, ಹಲಸಿನ ತೊಳೆ ಬಿಡಿಸೋ ಹಾಗೆ ಕಿತ್ತಳೆಗೆಂಪು ಮಾಂಸ ಎಳೆದರು. ಬರೀ ಲೊಳಲೊಳ. ಗಾಳಕ್ಕೆ ಸಿಕ್ಕಿಸಿದರೆ ನಿಲ್ಲಲ್ಲ, ತೆಳು ದಾರ ಸುತ್ತಿ ಸುತ್ತಿ ಕಟ್ಟಬೇಕು. ನಮ್ಮೂರ ಹೊಳೆಯಲ್ಲಿ ಸಿಗಡಿ ಚೂರು ಚುಚ್ಚಿ ಎಸೆದು ಬೆಳೆದವನಿಗೆ ಇದು ಹೂವು ಕಟ್ಟೋ ಕೆಲಸದ ಹಾಗೆ ಕಂಡಿತು. ಅವರು ಐದು ಕಟ್ಟುವಷ್ಟರಲ್ಲಿ ನನ್ನದು ಒಂದು, ಅದೂ ಜಾರಿತು. ಇನ್ನೊಂದು ಡಬ್ಬದಲ್ಲಿ ಮನೆಯಿಂದ ತಂದ ಹಳೇ ರೋಯಾಸ್ ಇತ್ತು. ಗಲ್ಯೂನ್ ಮೀನಿಗೆ ಅದೇ ಇಷ್ಟವಂತೆ. ಆ ದೇಶದ ರಾಷ್ಟ್ರೀಯ ಮೀನು ಅದು, ರುಚಿ ಮಾತ್ರ ಹೀಗೆ! ಮುಚ್ಚಳ ತೆಗೆದಾಗ ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ.

ಇನ್ನೊಂದು ವಿಷಯ ನಾನು ಆಮೇಲೆ ಓದಿದ್ದು. ಈ ಗಂಟು ಮರಿಯಾಗಿದ್ದಾಗ ಗೊದಮೊಟ್ಟೆ ಥರ ಬಾಲ ಬಡಿದು ಈಜುತ್ತೆ, ನಮ್ಮ ಬೆನ್ನುಹುರಿಯ ಥರ ಬೆನ್ನಿನ ಕಡೆ ಸಣ್ಣ ಹುರಿಯೂ ಇರುತ್ತೆ. ಬಂಡೆ ಸಿಕ್ಕ ಮೇಲೆ ಬಾಲ, ಹುರಿ ಎರಡೂ ಹೋಗಿ, ನೀರು ಸೋಸಿ ತಿನ್ನುತ್ತಾ ಕೂತುಬಿಡುತ್ತೆ. ಆ ಹುರಿಯ ಲೆಕ್ಕದಲ್ಲಿ ಅದು ಸಿಗಡಿಗಿಂತ ನಮಗೇ ಹತ್ತಿರದ ನೆಂಟ. ರಾಯ್ ಅಂತ ಕರೆದಿದ್ದು ತೀರಾ ತಪ್ಪೇನಲ್ಲ.

ಮಧ್ಯಾಹ್ನದವರೆಗೆ ಊಮ್‌ಗೆ ಒಂದು ಗಲ್ಯೂನ್, ನನಗೆ ನಾಲ್ಕು ಸಲ ಬರೀ ದಾರ. ಬುತ್ತಿ ಬಿಚ್ಚಿದಾಗ ಮೂರನೇ ಪೊಟ್ಟಣ ನೋಡಿ ಅವರು ಇದು ಯಾರಿಗೆ ಅಂದರು. ಸುಮ್ನೆ ಇರಬಹುದಿತ್ತು, ನಿಜ ಹೇಳಿಬಿಟ್ಟೆ. ನಕ್ಕು ನಕ್ಕು ಬಂಡೆ ಮೇಲೇ ಕೂತುಬಿಟ್ಟರು. ಈಗಲೂ ಅವರ ಫೋನ್ ಬಂದರೆ ಮೊದಲ ಮಾತು, 'ಶನಿವಾರ ರಾಯ್ ಬರ್ತಾನೆ, ಚಪಾತಿ ಜಾಸ್ತಿ ಹಾಕು.'