ಒತ್ತಕ್ಷರ ಮುಗಿದ ದಿನ

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ವಿದ್ಯಾರ್ಥಿ ಸಂಪಾದಕರು ಕೇಳಿದರು. ಕ್ಯಾಂಟೀನು, ವಾರ್ಷಿಕೋತ್ಸವ, ಪಿಕ್ನಿಕ್ಕುಗಳ ನೆನಪು ಎಲ್ಲ ಬ್ಯಾಚಿನವರಿಗೂ ಇರುತ್ತದೆ, ಅದನ್ನು ಬೇರೆಯವರು ಚೆನ್ನಾಗಿ ಬರೆಯುತ್ತಾರೆ. ನನಗೆ ಬರೆಯಬೇಕು ಅನಿಸಿದ್ದು ನಮ್ಮ ಪತ್ರಿಕೋದ್ಯಮ ವಿಭಾಗದ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆಯ ಬಗ್ಗೆ, ಅದು ಅಚ್ಚಾಗುತ್ತಿದ್ದ ಪುಟ್ಟ ಪ್ರೆಸ್ಸಿನ ಬಗ್ಗೆ. ಎಂಬತ್ತರ ದಶಕದ ಕೊನೆ ಅದು. ಮೊಳೆ, ಅಂದರೆ ಸೀಸದ ಬಿಡಿ ಅಕ್ಷರಗಳನ್ನು ಜೋಡಿಸಿ ಪತ್ರಿಕೆ ಮಾಡಿದ ಕೊನೆಯ ಬ್ಯಾಚುಗಳಲ್ಲಿ ನಮ್ಮದೂ ಒಂದು.

ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದುವವರಿಗೆ ಮೊದಲ ಪಾಠ ಯಾವುದು ಎಂದು ಹೇಳಬೇಕಾಗಿಲ್ಲ. 1843ರ ಜುಲೈ 1, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ, ಅದರ ಪಾದ್ರಿ ಹರ್ಮನ್ ಮೋಗ್ಲಿಂಗ್, ‘ಮಂಗಳೂರ ಸಮಾಚಾರ’. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಬೆಲೆ ಒಂದು ದುಡ್ಡು. ಪರೀಕ್ಷೆಗೆ ಇಷ್ಟು ಸಾಕು. ನಮ್ಮ ಸರ್‌ಗೆ ಸಾಲುತ್ತಿರಲಿಲ್ಲ. ಅವರು ಅದರ ಒಂದು ಪುಟದ ಜೆರಾಕ್ಸ್ ತಂದು ಬೆಂಚಿನಿಂದ ಬೆಂಚಿಗೆ ದಾಟಿಸಿ, ‘ಎಂತ ಕಾಣ್ತದೆ ಹೇಳಿ’ ಎಂದರು. ಊರ ಸುದ್ದಿ ಇದೆ ಸರ್, ಸರ್ಕಾರದ ಆದೇಶ ಇದೆ, ಕತೆ ಇದೆ ಎಂದೆವು. ‘ಅದಲ್ಲ, ಅಕ್ಷರ ನೋಡಿ.’ ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಒಂದೇ ಅಕ್ಷರ ಎರಡು ಕಡೆ ಎರಡು ಥರ ಇದೆ ಸರ್, ಎಂದಳು. ಸರ್ ಮುಖ ಅರಳಿತು. ಕನ್ನಡದ ಮೊದಲ ಪತ್ರಿಕೆ ಕೈಬರಹದ್ದು!

ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಕಲ್ಲಚ್ಚು ಅಂದರೆ ಅದೇ ಅಲ್ವಾ. ಜಿಡ್ಡಿನ ಮಸಿಯ ಬರಹವನ್ನು ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಇಳಿಸುತ್ತಾರೆ, ಆಮೇಲೆ ಕಲ್ಲಿಗೆ ನೀರು ಸವರುತ್ತಾರೆ. ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ. ಮೇಲೆ ಎಣ್ಣೆಮಸಿಯ ರೋಲರ್ ಎಳೆದರೆ ಬರಹಕ್ಕೆ ಮಾತ್ರ ಮಸಿ ಹಿಡಿಯುತ್ತದೆ. ಒಂದು ಸಂಚಿಕೆ ಮುಗಿದ ಮೇಲೆ ಮತ್ತೆ ಕಲ್ಲು ಉಜ್ಜಬೇಕು, ಮತ್ತೆ ಬರೆಯಬೇಕು. ಮೊಳೆ ಅಚ್ಚಿನ ಅನುಕೂಲ ಬೇಕೆಂದೇ 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಯಿತು, ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಾಯಿತು. ಪತ್ರಿಕೆ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಂಪಾದಕರ ಜತೆಗೆ ಯಂತ್ರವೂ ತೀರ್ಮಾನ ಮಾಡುತ್ತದೆ ಎಂದು ಸರ್ ಆವತ್ತು ಹೇಳಿದ್ದರು. ಅದರ ಅರ್ಥ ನನಗೆ ಆದದ್ದು ಪ್ರೆಸ್ಸಿನಲ್ಲಿ.

ಆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಎಡಗೈಯಲ್ಲಿ ಸಾಲು ಜೋಡಿಸುವ ಪುಟ್ಟ ತಟ್ಟೆ ‘ಸ್ಟಿಕ್’ ಹಿಡಿದು, ನಮ್ಮ ಬರಹದ ಮೇಲೆ ಕಣ್ಣಿಟ್ಟು, ಬಲಗೈಯನ್ನು ಮೊಳೆ ತುಂಬಿದ ಪೆಟ್ಟಿಗೆಯ, ಅಂದರೆ ಕೇಸಿನ ಮನೆಗಳ ಮೇಲೆ ಓಡಿಸುತ್ತಿದ್ದರು. ಯಾವ ಮನೆಯಲ್ಲಿ ಯಾವ ಮೊಳೆ ಎಂದು ಕೈಗೇ ಗೊತ್ತಿತ್ತು. ಇಂಗ್ಲಿಷಿನ ಕೇಸಿಗೂ ಕನ್ನಡದ ಕೇಸಿಗೂ ಹೋಲಿಕೆಯೇ ಇಲ್ಲ. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತುಗಳು ಬೇರೆ ಬೇಕು, ಆ ಸಣ್ಣ ಒತ್ತಿನ ಮೊಳೆಗಳನ್ನು ಸಾಲಿನ ಕೆಳಗೆ ಅಲುಗಾಡದಂತೆ ಕೂರಿಸಬೇಕು. ಅಕ್ಷರವೆಲ್ಲ ಕನ್ನಡಿಯೊಳಗಿನಂತೆ ಉಲ್ಟಾ. ಅಣ್ಣ ಅದನ್ನು ನಾವು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು.

ಒಂದು ಬೇಸಿಗೆಯಲ್ಲಿ ಹಾಸ್ಟೆಲ್ ಹಿಂದಿನ ಬೀದಿಯ ನೀರಿನ ತೊಂದರೆಯ ಬಗ್ಗೆ ನಾನು ಉದ್ದ ವರದಿ ಬರೆದಿದ್ದೆ. ಆ ಮನೆಯಲ್ಲಿ ನಲ್ಲಿ ಇದೆ ನೀರಿಲ್ಲ, ಈ ಓಣಿಯಲ್ಲಿ ನಲ್ಲಿಯೂ ಇಲ್ಲ, ಕೇಳಿದರೆ ಉತ್ತರ ಇಲ್ಲ. ಅರ್ಧ ಜೋಡಿಸಿದ ಅಣ್ಣ ಸ್ಟಿಕ್ ಕೆಳಗಿಟ್ಟರು. ‘ಎಂತ ಮಾರಾಯ, ಬರೀ ನಲ್ಲಿ, ಅಲ್ಲಿ, ಇಲ್ಲ! ಲ ಒತ್ತು ಮುಗೀತು. ನಾನು ಎಲ್ಲಿಂದ ತರುದು?’ ಕೇಸಿನ ಆ ಪುಟ್ಟ ಮನೆ ನಿಜವಾಗಿ ಖಾಲಿಯಾಗಿತ್ತು. ಮೊದಲ ಎರಡು ಪುಟ ಟ್ರೆಡಲ್ ಎಂಬ ಅಚ್ಚಿನ ಯಂತ್ರದಲ್ಲಿ ಅಚ್ಚಾಗಿ, ಆ ಮೊಳೆಗಳನ್ನು ಬಿಚ್ಚಿ ತೊಳೆದು ಒಂದೊಂದಾಗಿ ವಾಪಸ್ ಕೇಸಿಗೆ ಹಾಕುವ ತನಕ ಉಳಿದ ವರದಿ ಕಾಯಬೇಕು. ಅಲ್ಲೇ ಸ್ಟೂಲಿನ ಮೇಲೆ ಕುಳಿತು ನನ್ನ ಬರಹವನ್ನು ಮತ್ತೆ ಓದಿದೆ. ಒಂದೇ ಮಾತನ್ನು ಎಷ್ಟು ಕಡೆ ಹೇಳಿದ್ದೇನೆ ಎಂದು ಆಗ ಕಂಡಿತು. ಮೂರನೇ ಒಂದು ಭಾಗ ಹೊಡೆದು ಹಾಕಿದೆ. ವರದಿ ಗಟ್ಟಿಯಾಯಿತು. ನನಗೆ ಸಂಪಾದನೆ ಕಲಿಸಿದವರು ಯಾರು ಎಂದು ಕೇಳಿದರೆ ಸರ್ ಹೆಸರಿನ ಜತೆ ಅಣ್ಣನ ಹೆಸರನ್ನೂ ಹೇಳುತ್ತೇನೆ.

1970ರಲ್ಲಿ ಶುರುವಾದ ‘ಉದಯವಾಣಿ’ ಪತ್ರಿಕೆಯ ಆಫ್‌ಸೆಟ್ ಯಂತ್ರವನ್ನು ಮಣಿಪಾಲಕ್ಕೆ ಹೋಗಿ ನೋಡಿಕೊಂಡು ಬಂದದ್ದೂ ನನ್ನ ಆ ನೀರಿನ ವರದಿಯ ವರ್ಷವೇ. ಅಷ್ಟು ವೇಗ, ಅಷ್ಟು ಸದ್ದು. ಆದರೆ ಒಳಗಿನ ಗುಟ್ಟು ಮೋಗ್ಲಿಂಗರ ಕಲ್ಲಿನದ್ದೇ: ಎಣ್ಣೆ ನೀರು ಬೆರೆಯುವುದಿಲ್ಲ. ಕಲ್ಲಿನ ಜಾಗದಲ್ಲಿ ತೆಳ್ಳಗಿನ ಲೋಹದ ಪ್ಲೇಟು ಬಂದಿದೆ, ಅದರಿಂದ ರಬ್ಬರ್ ಹಾಳೆಗೆ, ರಬ್ಬರಿನಿಂದ ಕಾಗದಕ್ಕೆ. ನಡುವಿನ ಕಾಲದಲ್ಲಿ ಮೊಳೆ ಬಂದು ಹೋಯಿತು, ಕಲ್ಲಚ್ಚಿನ ತತ್ವ ಉಳಿಯಿತು.

ಮುಂದೆ ನಾನು ಪತ್ರಿಕೆಯ ಡೆಸ್ಕಿಗೆ ಸೇರಿದೆ. ಬ್ರೊಮೈಡ್, ಅಂದರೆ ಬರಹ ಮೂಡಿಸಿದ ಫೋಟೋ ಕಾಗದ ಕತ್ತರಿಸಿ ಪುಟಕ್ಕೆ ಅಂಟಿಸುವ ಕಾಲ ಸ್ವಲ್ಪ ದಿನ ಇತ್ತು, ಆಮೇಲೆ ಎಲ್ಲ ಕಂಪ್ಯೂಟರ್. ನಮ್ಮ ಜಿಲ್ಲೆಯವರೇ ಆದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಎಲ್, ಎಫ್, ಎಲ್ ಎಂದು ಒತ್ತಿದರೆ ‘ಲ್ಲ’ ಬರುತ್ತದೆ. ಎಷ್ಟು ಬೇಕಾದರೂ. ಮೊದಲ ಸಲ ಅದನ್ನು ಕಂಡಾಗ ಅಣ್ಣನ ಖಾಲಿ ಮನೆ ನೆನಪಾಗಿ ಸುಮ್ನೆ ಒಂದು ಸಾಲು ಪೂರ್ತಿ ‘ಇಲ್ಲ ಇಲ್ಲ’ ಎಂದು ಹೊಡೆದಿದ್ದೆ.

ಆದರೆ ಒಂದು ಸಂಕಟ ನನ್ನನ್ನು ಬಿಟ್ಟಿಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಸಂಕೇತ ಇತ್ತು. ಇಲ್ಲಿ ಟೈಪ್ ಮಾಡಿದ್ದನ್ನು ಅಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು. ಫ್ಲಾಪಿಯಲ್ಲಿ ಇಟ್ಟಿದ್ದ ನನ್ನದೇ ವರದಿಗಳನ್ನು ಈಗ ಓದಲು ಆಗುತ್ತಿಲ್ಲ. 1843ರ ಕೈಬರಹ ಓದಬಹುದು, ತೊಂಬತ್ತರ ದಶಕದ್ದು ಆಗುವುದಿಲ್ಲ. ಇದು ಸಣ್ಣ ನಷ್ಟ ಎಂದು ನನಗೆ ಅನಿಸುವುದಿಲ್ಲ. ಊರಿನ ನೀರು, ರಸ್ತೆ, ಚುನಾವಣೆಯ ಸುದ್ದಿ ಎಷ್ಟೋ ಅದರಲ್ಲೇ ಸಿಕ್ಕಿಬಿದ್ದಿದೆ.

ಆದ್ದರಿಂದ ಈಗಿನ ವಿದ್ಯಾರ್ಥಿಗಳಲ್ಲಿ, ಹಳೆಯ ಗೆಳೆಯರಲ್ಲಿ ಒಂದು ಬೇಡಿಕೆ. ನಮ್ಮ ಪ್ರಾಯೋಗಿಕ ಪತ್ರಿಕೆಯ ಹಳೆಯ ಸಂಚಿಕೆಗಳು ಮನೆಯಲ್ಲಿದ್ದರೆ ವಿಭಾಗಕ್ಕೆ ತಲುಪಿಸಿ. ನನ್ನ ಹತ್ತಿರ ಇರುವುದನ್ನು ಈ ತಿಂಗಳೇ ತಂದುಕೊಡುತ್ತೇನೆ. ಬರೀ ಸ್ಕ್ಯಾನ್ ಮಾಡಿಟ್ಟರೆ ಸಾಲದು, ಹುಡುಕಿದರೆ ಸಿಗುವಂತೆ ಯೂನಿಕೋಡಿನಲ್ಲಿ ಟೈಪ್ ಆಗಬೇಕು. ಟೈಪ್ ಮಾಡಲು ನಾನೂ ಬಂದು ಕೂರುತ್ತೇನೆ. ಇನ್ನೊಂದು ಮಾತು. 1867ರ ಕಾಯ್ದೆ ಪ್ರಕಾರ ಆಗ ಪತ್ರಿಕೆಯಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಹಾಕಲೇಬೇಕಿತ್ತು, ಹಾಕಿದ್ದೇವೆ. ಮೊಳೆ ಜೋಡಿಸಿದವರ ಹೆಸರು ಯಾವ ಸಂಚಿಕೆಯಲ್ಲೂ ಇಲ್ಲ. ಅಣ್ಣನ ಮನೆಯವರನ್ನು ಕೇಳಿ, ಅವರು ಒಪ್ಪಿದರೆ, ಈ ಸಲ ಪ್ರತಿ ಸಂಚಿಕೆಯ ವಿವರದಲ್ಲಿ ಅವರ ಹೆಸರನ್ನೂ ಸೇರಿಸೋಣ.